ಜರ್ಮನಿ ದೊರೆಯ ಸೋದರಮಾವನ ಮನೆ

ಚಳ್ಳಕೆರೆಯ ಸರ್ಕಾರಿ ಶಾಲೆಯ ಎರಡನೇ ಮೇಷ್ಟ್ರು ಸೋಮಶೇಖರಪ್ಪನವರಿಗೆ ಸಾವಿರದ ಒಂಬೈನೂರ ಹದಿನಾಲ್ಕನೇ ಇಸವಿಯ ತನಕ ಲೋಕದಲ್ಲಿ ಅರ್ಥವಾಗದ ಸಂಗತಿ ಅಂತ ಒಂದೂ ಇರಲಿಲ್ಲ. ಆಮೇಲಿನ ಐದು ವರ್ಷದಲ್ಲಿ ಅರ್ಥವಾಗುವ ಸಂಗತಿ ಒಂದೂ ಉಳಿಯಲಿಲ್ಲ. ಇದಕ್ಕೆ ಅವರ ಓದು ಕಾರಣವೋ, ಓದದೆ ಬಿಟ್ಟದ್ದು ಕಾರಣವೋ, ಕೇಳಿದವರು ತಾವೇ ತೀರ್ಮಾನ ಮಾಡಿಕೊಳ್ಳಬೇಕು.

ಮೇಷ್ಟ್ರು ಹುಟ್ಟಿದ್ದು ಪರಶುರಾಂಪುರದಲ್ಲಿ. ಅವರ ತಂದೆ ವರಸೆ ಹೇಳುವುದರಲ್ಲಿ ಸುತ್ತ ಹತ್ತೂರಿಗೆ ಹೆಸರಾದವರು. ಹೆಣ್ಣು ಕೇಳುವ ಮುಂಚೆ ಎರಡೂ ಕಡೆಯವರು ಅವರ ಜಗುಲಿಗೆ ಬಂದು ಕೂರುತ್ತಿದ್ದರು. ಹುಡುಗಿ ಹುಡುಗನಿಗೆ ಏನಾಗಬೇಕು, ತಂಗಿಯೋ ಅತ್ತೆ ಮಗಳೋ, ನಾಲ್ಕೈದು ತಲೆ ಹಿಂದಕ್ಕೆ ಹೋಗಿ ನೋಡಿ ಹೇಳಬೇಕು. ಗಂಡಸಿಗೆ ಒಂದು ಹೊಂಗೆ ಬೀಜ, ಹೆಂಗಸಿಗೆ ಒಂದು ಹುಣಸೆ ಬೀಜ ಇಟ್ಟು ತಂದೆಯವರು ನೆಲದ ಮೇಲೆ ವಂಶಗಳನ್ನೇ ಹರಡುತ್ತಿದ್ದರು. ಮಗನಿಗೆ ಆ ವಿದ್ಯೆ ಎದೆಹಾಲಿನ ಜೊತೆಗೇ ಬಂತು. ಅದರಲ್ಲಿ ಮುಖ್ಯವಾದ ಪಾಠ ಒಂದಿತ್ತು. ಅಣ್ಣತಮ್ಮಂದಿರ ಮಕ್ಕಳು ದಾಯಾದಿಗಳು. ಅವರ ಜಗಳ ನೆಲದ್ದು, ಹೆಣ ಬಿದ್ದರೂ ಮುಗಿಯುವುದಿಲ್ಲ. ಅಣ್ಣತಂಗಿಯರ ಮಕ್ಕಳು ಬಾವ-ಬಾಮೈದರು. ಅವರ ಜಗಳ ಬರೀ ಮುನಿಸು, ಒಂದು ಬೀಗರೂಟದಲ್ಲಿ ಮುಗಿಯುತ್ತದೆ.

ಹುಡುಗ ಜಾಣ ಅಂತ ಬೆಂಗಳೂರಿಗೆ ಕಳಿಸಿದರು. ಕಾಲೇಜಿನಲ್ಲಿ ಎಫ್.ಎ. ಓದುವಾಗ ಗಣಿತದಲ್ಲಿ ಎರಡು ಸಲ ಮಣ್ಣು ಮುಕ್ಕಿದರೂ ಯುರೋಪಿನ ಚರಿತ್ರೆಯ ದಪ್ಪ ಪುಸ್ತಕವನ್ನು ಮಾತ್ರ ಸೋಮಶೇಖರಪ್ಪ ಬಿಡದೆ ಓದಿದರು. ಅದರ ಕೊನೆಯ ಹಾಳೆಗಳಲ್ಲಿ ಅರಸು ಮನೆತನಗಳ ವಂಶವೃಕ್ಷಗಳಿದ್ದವು. ಲಂಡನ್ನಿನ ಹೆಣ್ಣು ಬರ್ಲಿನ್ನಿಗೆ, ಡೆನ್ಮಾರ್ಕಿನ ಅಕ್ಕತಂಗಿಯರು ಒಬ್ಬಳು ಲಂಡನ್ನಿಗೆ ಒಬ್ಬಳು ರಷ್ಯಕ್ಕೆ. ಮೇಷ್ಟ್ರು ಕುಣಿದಾಡಿಬಿಟ್ಟರು. ಅಪ್ಪ ಪರಶುರಾಂಪುರದ ಜಗುಲಿಯ ಮೇಲೆ ಮಾಡುವ ಕೆಲಸವನ್ನೇ ತಾವು ಇಡೀ ಭೂಮಂಡಲಕ್ಕೆ ಮಾಡಬಹುದಲ್ಲ! ಪರೀಕ್ಷೆ ಹೋಯಿತು, ಊರಿಗೆ ಬಂದರು, ಶಾಲೆಯ ಕೆಲಸ ಸಿಕ್ಕಿತು. ಆದರೆ ಯಾರಾದರೂ ನಿಮ್ಮ ವ್ಯಾಸಂಗ ಏನು ಅಂತ ಕೇಳಿದರೆ, "ರಾಜ್ಯ ರಾಜ್ಯಗಳ ನಂಟಸ್ತನ" ಅನ್ನುತ್ತಿದ್ದರು. ಆ ಹೆಸರಿನಲ್ಲಿ ಒಂದು ಗ್ರಂಥ ಬರೆಯಲು ದಪ್ಪನೆಯ ಪುಸ್ತಕವನ್ನೂ ಹೊಲಿಸಿಟ್ಟಿದ್ದರು.

"ಪಕ್ಕದ ಮನೆಯೋರ ಹೆಸರು ಗೊತ್ತಿಲ್ಲ, ಪರಂಗಿಯೋರ ವಂಶದ ಬಳ್ಳಿ ಮಾತ್ರ ಬಾಯಲ್ಲೇ ಐತೆ," ಅಂತ ಅವರ ಹೆಂಡತಿ ವೀರಮ್ಮ ಮೂದಲಿಸುತ್ತಿದ್ದಳು.

ಹಾಗಂತ ಅವರ ವಿದ್ಯೆ ಬರೀ ಪೊಳ್ಳು ಅನ್ನುವ ಹಾಗೂ ಇರಲಿಲ್ಲ. ಮೈಸೂರು ಸೀಮೆಯ ದನಗಳು ಎಲ್ಲೆ ದಾಟಿ ಇಂಗ್ಲಿಷರ ಬಳ್ಳಾರಿ ಜಿಲ್ಲೆಯ ಹೊಲಕ್ಕೆ ನುಗ್ಗಿ ಒಮ್ಮೆ ದೊಡ್ಡ ರಂಪವಾಯಿತು. ಎರಡು ಸರ್ಕಾರಗಳ ನಡುವೆ ಕಾಗದಗಳು ಓಡಾಡಿ ಸುಸ್ತಾದವು. ಮೇಷ್ಟ್ರು ಬೀಜ ಹರಡಿ ನೋಡಿ, ಈ ಕಡೆಯ ಪಟೇಲರೂ ಆ ಕಡೆಯ ರೆಡ್ಡಿಯೂ ನಾಲ್ಕು ತಲೆ ಹಿಂದಿನ ಒಂದು ಕೊಡುಕೊಳ್ಳುವಿಕೆಯಿಂದ ಬಾವ-ಬಾಮೈದರಾಗಬೇಕು ಅಂತ ಕಂಡುಹಿಡಿದರು. ಇಬ್ಬರನ್ನೂ ಕೂರಿಸಿ ಊಟ ಹಾಕಿಸಿದರು. ದನಗಳು ವಾಪಸು ಬಂದವು. ಅವತ್ತಿನಿಂದ ಮೇಷ್ಟ್ರ ಮಾತಿಗೆ ತೂಕ ಬಂತು. ತಮ್ಮ ಮಾತಿನ ಮೇಲೆ ಅವರಿಗೂ ಮೋಹ ಬಂತು, ಅದೇ ಕೆಟ್ಟದ್ದಾಯಿತು.

ಯುರೋಪಿನಲ್ಲಿ ಯುದ್ಧ ಶುರುವಾದ ಸುದ್ದಿ ಟಪಾಲಿನಲ್ಲಿ ನಾಲ್ಕು ದಿನ ತಡವಾಗಿ ಚಳ್ಳಕೆರೆಗೆ ಬಂತು. ಮೇಷ್ಟ್ರು ಪತ್ರಿಕೆ ಓದಿ ಹೇಳುವ ಜಾಗ ಸಂತೆ ಬೀದಿಯ ಗೌಸ್ ಪೀರ್ ಅಂಗಡಿ. ಗೌಸ್ ಪೀರ್ ಎತ್ತು, ಕುದುರೆಗಳಿಗೆ ಲಾಳ ಕಟ್ಟುವವನು. ಎತ್ತನ್ನು ಕೆಡವಿ, ಕಾಲು ಕಟ್ಟಿ, ಮಿಸುಕದ ಹಾಗೆ ಹಿಡಿಯಲು ಅವನಿಗೆ ದೊಡ್ಡಉಳ್ಳಾರ್ತಿಯ ದೊಡ್ಡಪಾಲಯ್ಯ ಬೇಕೇ ಬೇಕು. ಇಪ್ಪತ್ತರ ಪ್ರಾಯದ ಆ ಹುಡುಗ ಕಾವಲಿನಲ್ಲಿ ಮೇಯುವ ದನಗಳ ನಡುವೆ ಬೆಳೆದವನು. ಅವನು ಕಿವಿಯಲ್ಲಿ ಏನೋ ಅಂದರೆ ಹೋರಿ ತಾನೇ ಮಲಗುತ್ತಿತ್ತು. ಕುದುರೆ, ಹೇಸರಗತ್ತೆಗಳನ್ನು ನೋಡಿಕೊಳ್ಳಲು ಜನ ಬೇಕು ಅಂತ ಮೈಸೂರಿನ ಕುದುರೆ ದಂಡಿನ ದಫೇದಾರನೊಬ್ಬ ಬಂದವನು ಇವನನ್ನು ನೋಡಿ ಅಲ್ಲೇ ನಿಂತುಬಿಟ್ಟ. ಹುಡುಗನಿಗೂ ಸಮುದ್ರ ನೋಡುವ ಆಸೆ ಹತ್ತಿತು.

ಅವನ ತಾಯಿ ಕಾಟಮ್ಮ ಬೆಣ್ಣೆ ಮಾರಲು ಸಂತೆಗೆ ಬಂದವಳು ಸೀದಾ ಅಂಗಡಿಯ ಮುಂದೆ ಬಂದು ನಿಂತಳು. ಅವಳ ಗಂಡ ಚಿಕ್ಕೀರಪ್ಪನನ್ನು ಹನ್ನೆರಡು ವರ್ಷದ ಹಿಂದೆ, ಬದುವಿನ ಜಗಳದಲ್ಲಿ, ದೊಡ್ಡಪ್ಪನ ಮಗನೇ ಕೊಡಲಿಯಲ್ಲಿ ಕಡಿದಿದ್ದ. ಅವಳಿಗೆ ಉಳಿದದ್ದು ಈ ಒಂದು ಕೂಸು.

"ಮೇಷ್ಟ್ರೇ, ನನಗೆ ಒಂದೇ ಒಂದು ಮಾತು ಹೇಳ್ರಿ," ಅಂದಳು. "ಈ ಜಗಳ ದಾಯಾದಿಗಳ್ದೋ, ಬಾವ-ಬಾಮೈದರ್ದೋ? ದಾಯಾದಿಗಳ್ದಾದ್ರೆ ನನ್ನ ಮಗನ್ನ ಕಳಿಸಲ್ಲ. ಅವರಪ್ಪನ್ನ ನುಂಗಿದ್ದೇ ಸಾಕು."

ಮೇಷ್ಟ್ರಿಗೆ ಮೈ ಜುಂ ಅಂದಿತು. ಕಾಲೇಜಿನಲ್ಲಿ ಕೂಡ ಯಾರೂ ಅವರನ್ನು ಇಷ್ಟು ನೇರವಾಗಿ, ಇಷ್ಟು ಶಾಸ್ತ್ರಬದ್ಧವಾಗಿ ಪ್ರಶ್ನೆ ಕೇಳಿರಲಿಲ್ಲ. ಬೀಜದ ಸಂಚಿ ಬಿಚ್ಚಿ ಲಾಳದ ಮೊಳೆಗಳನ್ನು ಸರಿಸಿ ಹಲಗೆಯ ಮೇಲೆ ಬೀಜ ಹರಡಿದರು.

"ನೋಡು ಕಾಟಮ್ಮ, ಜರ್ಮನಿ ದೊರೆಯ ತಾಯಿ ಯಾರು? ಲಂಡನ್ ಮನೆಯ ಹೆಣ್ಣುಮಗಳು. ಈಗಿನ ನಮ್ಮ ದೊರೆಯ ತಂದೆಗೆ ಒಡಹುಟ್ಟಿದ ಅಕ್ಕ. ಅಂದ್ರೆ ಜರ್ಮನಿಯವನು ನಮ್ಮ ದೊರೆಗೆ ಏನಾಗಬೇಕು?"

"ಸೋದರತ್ತೆ ಮಗ," ಅಂದಳು ಕಾಟಮ್ಮ ತಟ್ಟನೆ. "ಬಾವ ಆಗಬೇಕು."

"ಆತಲ್ಲ! ಲಂಡನ್ನು ಅವನಿಗೆ ಸೋದರಮಾವನ ಮನೆ. ಅಲ್ಲಿ ಮುನಿಸ್ಕೊಂಡು ಎಷ್ಟು ದಿನ ಇರ್ತಾನೆ? ಯುಗಾದಿ ಹೊತ್ತಿಗೆ ಹೋಳಿಗೆ ಊಟ ಮುಗಿಸಿ ನಿನ್ನ ಮಗ ಬಾಗಿಲಲ್ಲಿರ್ತಾನೆ."

"ಹೊಲದ ಪಾಲಿನ ಮಾತು ಏನೂ ಇಲ್ವಾ?"

"ಏನೂ ಇಲ್ಲ."

ಕಾಟಮ್ಮ ಬೀಜಗಳನ್ನು ಒಂದು ಗಳಿಗೆ ನೋಡಿದಳು. ಆಮೇಲೆ ಮಗನ ತಲೆ ನೇವರಿಸಿ, "ಹೋಗಿ ಬಾರಪ್ಪ," ಅಂದಳು. ಮೇಷ್ಟ್ರು ಬೀಗುತ್ತಾ ಮನೆಗೆ ಹೋದರು. ಅವತ್ತು ವೀರಮ್ಮ ಮಾಡಿದ ಮುದ್ದೆ ಅವರಿಗೆ ಎರಡು ತುತ್ತು ಹೆಚ್ಚೇ ಸೇರಿತು.

ಯುಗಾದಿ ಬಂತು, ಹೋಯಿತು. ಸಮುದ್ರದಾಚೆಯ ಮಿಸರ್ ದೇಶದಿಂದ ಪಾಲಯ್ಯ ಯಾರ ಕೈಲೋ ಬರೆಸಿದ ಒಂದು ಕಾರ್ಡು ಬಂತು. ಇಲ್ಲಿ ಎಲ್ಲ ಮರಳು, ಕುದುರೆಗಳು ಚೆನ್ನಾಗಿವೆ, ಅವ್ವ ಗಟ್ಟಿಯಾಗಿರಬೇಕು, ಇಷ್ಟೇ ಅದರಲ್ಲಿತ್ತು. ಆದರೆ ಯುದ್ಧ ಮಾತ್ರ ಮೇಷ್ಟ್ರ ಹಲಗೆಯ ಮೇಲೆ ನಿಲ್ಲದೆ ಹರಿಯತೊಡಗಿತು. ತುರ್ಕಿಯ ಸುಲ್ತಾನರು ಜರ್ಮನಿಯ ಕಡೆ ಸೇರಿದರು. ಅವರಿಗೂ ಜರ್ಮನಿಗೂ ಏಳು ಜನ್ಮದಲ್ಲಿ ಹೆಣ್ಣು ಕೊಟ್ಟು ತಂದದ್ದಿಲ್ಲ. ಇಟಲಿಯವರು ಮೊದಲು ಜರ್ಮನಿಗೆ ಮಾತು ಕೊಟ್ಟಿದ್ದವರು, ಒಂದು ಮನೆಯಲ್ಲಿ ವೀಳ್ಯ ಮಾಡಿಕೊಂಡು ಇನ್ನೊಂದು ಮನೆಯಲ್ಲಿ ತಾಳಿ ಕಟ್ಟಿದ ಹಾಗೆ ಈ ಕಡೆ ಬಂದರು. ಮೇಷ್ಟ್ರು ಬೀಜಗಳನ್ನು ಇಡುವುದು, ತೆಗೆಯುವುದು, ಮತ್ತೆ ಇಡುವುದು ಮಾಡಿದರು.

ಗೌಸ್ ಪೀರ್‌ನ ತೊಳಲಾಟ ಬೇರೆಯೇ. "ಮೇಷ್ಟ್ರೇ, ಸುಲ್ತಾನರು ನಮ್ಮ ಖಲೀಫರು, ಅವರು ಆ ಕಡೆ ಯಾಕೆ ಹೋದ್ರು?" ಅಂತ ಒಂದು ದಿನ ಕೇಳಿದ. "ನಾನು ದುವಾ ಯಾರ ಹೆಸರಲ್ಲಿ ಮಾಡ್ಲಿ? ಖಲೀಫರೂ ನಮ್ಮೋರು, ಪಾಲಯ್ಯನೂ ನಮ್ಮೋನು. ನನ್ನ ಕೈಯಾಗೆ ಕೆಲಸ ಕಲ್ತೋನು."

ಮೇಷ್ಟ್ರು ಬೀಜಗಳನ್ನು ಸಂಚಿಗೆ ತುಂಬಿದರು. "ಇಬ್ಬರ ಹೆಸರಲ್ಲೂ ಮಾಡು," ಅಂದರು. ಇದು ಪಂಡಿತರು ಕೊಡುವ ಉತ್ತರವಲ್ಲ ಅಂತ ಅವರಿಗೇ ಗೊತ್ತಿತ್ತು.

ಸಂತೆ ಸಂತೆಗೂ ಕಾಟಮ್ಮ ಬರುತ್ತಿದ್ದಳು. ಜಗಳ ಎಲ್ಲಿಗೆ ಬಂತು ಅಂತ ಕೇಳುತ್ತಿದ್ದಳು. ಮೊದಮೊದಲು ಮೇಷ್ಟ್ರು ದಸರಾಕ್ಕೆ ಅಂದರು, ಸಂಕ್ರಾಂತಿಗೆ ಅಂದರು. ಆಮೇಲೆ ಹಬ್ಬಗಳ ಹೆಸರು ಹೇಳುವುದನ್ನೇ ಬಿಟ್ಟರು. ಸಂತೆಯ ದಿನ ಬಂದರೆ ಶಾಲೆಯಲ್ಲೇ ಹೊತ್ತು ಕಳೆಯುವುದೂ ಶುರುವಾಯಿತು. ಎರಡನೇ ವರ್ಷ ಕಾರ್ಡು ಬರುವುದು ನಿಂತುಹೋಯಿತು. ಅವಳು ಶಾಲೆಯ ಬಾಗಿಲಿಗೇ ಬಂದಳು.

"ಅಲ್ಲ ಮೇಷ್ಟ್ರೇ, ಆ ಸೋದರತ್ತೆ ಏನ್ ಮಾಡ್ತಾ ಕುಂತವ್ಳೆ?" ಅಂತ ಕೇಳಿದಳು. "ಒಂದ್ ಕಡೆ ಹೆತ್ತ ಮಗ, ಒಂದ್ ಕಡೆ ತವರು. ನಡುವೆ ಹೋಗಿ ನಿಂತು ಸೆರಗೊಡ್ಡಿದ್ರೆ ಯಾವ ಗಂಡಸು ಕತ್ತಿ ಎತ್ತಾನು? ಆಯಮ್ಮಂಗೆ ಯಾರೂ ಸರಿಯಾಗಿ ಹೇಳಿಲ್ಲ ಅಂತ ಕಾಣ್ತದೆ. ನೀವು ಒಂದು ಕಾಗದ ಬರೀರಿ. ನಾನು ಹೇಳ್ತೀನಿ, ನೀವು ಬರೀರಿ."

ಮೇಷ್ಟ್ರು ಬೆರಗಾದರು. ಇಷ್ಟು ದೊಡ್ಡ ದೊಡ್ಡ ಮಂತ್ರಿಗಳಿಗೆ ಹೊಳೆಯದ ದಾರಿ ಈ ಹೆಂಗಸಿಗೆ ಹೊಳೆದಿತ್ತು. ಅವಳು ಹೇಳಿದಳು, ಅವರು ಬರೆದರು. ತಾಯೀ, ನಿಮ್ಮ ತವರಿನ ದಂಡಿನಲ್ಲಿ ನನ್ನ ಮಗ ಕುದುರೆ ಮೇಯಿಸುತ್ತಿದ್ದಾನೆ, ನಿಮ್ಮ ಮಗನೂ ನನ್ನ ಮಗನೂ ಮನೆಗೆ ಬರಲಿ, ಹೆಣ್ಣುಮಗಳ ಮಾತು ತವರಿನವರು ತೆಗೆದುಹಾಕುವುದಿಲ್ಲ, ನೀವು ಒಂದು ಸಲ ಹೋಗಿ ಬನ್ನಿ ಅಂತ. ಬರೆಯುವಾಗ ಮೇಷ್ಟ್ರ ಕಣ್ಣು ತುಂಬಿತು.

ವಿಳಾಸಕ್ಕೆ ಆ ಅರಸಿಯ ಪೂರ್ತಿ ಹೆಸರು ಬೇಕಾಯಿತು. ಕಾಟಮ್ಮನನ್ನು ಜಗುಲಿಯಲ್ಲಿ ಕೂರಿಸಿ, ಶಾಲೆಯ ಬೀರುವಿನಲ್ಲಿದ್ದ ಚರಿತ್ರೆಯ ಪುಸ್ತಕ ತೆಗೆದರು. ಇದು ಅವರು ಬೆಂಗಳೂರಿನಲ್ಲಿ ಓದಿದ್ದಕ್ಕಿಂತ ಹೊಸದು. ಹೆಸರು ಸಿಕ್ಕಿತು. ಹೆಸರಿನ ಮುಂದೆ ಎರಡು ಇಸವಿಗಳಿದ್ದವು. ಎರಡನೆಯದು ಸಾವಿರದ ಒಂಬೈನೂರ ಒಂದು.

ಆಕೆ ಸತ್ತು ಹದಿನೈದು ವರ್ಷವಾಗಿತ್ತು. ಯುದ್ಧ ಶುರುವಾಗುವ ಹದಿಮೂರು ವರ್ಷ ಮುಂಚೆಯೇ ಆಕೆ ಇರಲಿಲ್ಲ. ಮೇಷ್ಟ್ರು ಓದಿದ ಪುಸ್ತಕದಲ್ಲಿ ಆಕೆ ಬದುಕಿದ್ದಳು, ಆದ್ದರಿಂದ ಅವರ ಹಲಗೆಯ ಮೇಲೂ ಬದುಕಿದ್ದಳು. ಬೀಜ ಇಡುವ ಮೊದಲು ಇದ್ದಾರೋ ಹೋದರೋ ಕೇಳು, ಅಂತ ಅಪ್ಪ ಕಲಿಸಿದ್ದರು. ಹೆಣ್ಣುಮಗಳು ಸತ್ತು, ಆಮೇಲೆ ಕೊಟ್ಟು ತರುವುದು ನಡೆಯದಿದ್ದರೆ ಅದು ಒಣಗಿದ ನಂಟು, ಅದನ್ನು ನಂಬಿ ಯಾರಿಗೂ ಮಾತು ಕೊಡಬೇಡ ಅಂತಲೂ ಹೇಳಿದ್ದರು. ಪರಶುರಾಂಪುರದ ಒಬ್ಬ ಹುಡುಗಿಯ ಮದುವೆಗಾದರೆ ಮೇಷ್ಟ್ರು ಇದನ್ನು ಮರೆಯುತ್ತಿರಲಿಲ್ಲ. ಒಬ್ಬ ಹುಡುಗನನ್ನು ಸಮುದ್ರದಾಚೆ ಕಳಿಸುವಾಗ ಮರೆತಿದ್ದರು.

ಹೊರಗೆ ಕಾಟಮ್ಮ ಕಾಯುತ್ತಿದ್ದಳು. "ಹೆಸರು ಸಿಕ್ತಾ ಮೇಷ್ಟ್ರೇ?" ಅಂದಳು.

"ಸಿಕ್ತು," ಅಂದರು. ಸಿಕ್ಕಿದ್ದು ನಿಜವೇ. ಉಳಿದದ್ದನ್ನು ಹೇಳಲು ಬಾಯಿ ಬರಲಿಲ್ಲ. ಅವಳ ಮುಖದಲ್ಲಿ ಎಷ್ಟೋ ತಿಂಗಳ ಮೇಲೆ ಗೆಲುವು ಕಂಡಿತ್ತು. ಇಬ್ಬರೂ ಅಂಚೆ ಕಚೇರಿಗೆ ನಡೆದರು. ಮೇಷ್ಟ್ರು ಕಾಗದ ಹಾಕಿದರು. ಕಾಟಮ್ಮ ಅಂಚೆ ಪೆಟ್ಟಿಗೆಯನ್ನು ಮುಟ್ಟಿ ಕಣ್ಣಿಗೊತ್ತಿಕೊಂಡಳು.

ಆ ಕಾಗದ ಬರ್ಲಿನ್ನಿಗಂತೂ ಹೋಗಲಿಲ್ಲ. ಎಂಟು ದಿನದಲ್ಲಿ ತಾಲ್ಲೂಕಿನ ಅಮಲ್ದಾರರ ಮೇಜಿನ ಮೇಲೆ ಬಂದು ಕೂತಿತ್ತು. ಅಮಲ್ದಾರರು ಮೈಸೂರಿನ ಕಡೆಯವರು, ಓದಿದವರು. ಕಾಗದವನ್ನು ಮೂರು ಸಲ ಓದಿ ಮೇಷ್ಟ್ರನ್ನು ಕರೆಸಿದರು.

"ಯುದ್ಧ ನಡೆಯುವಾಗ ಶತ್ರು ದೊರೆಯ ತಾಯಿಗೆ ಪತ್ರ ಬರೆದಿದ್ದೀರಿ. ಅದೂ ತೀರಿಕೊಂಡು ಹದಿನೈದು ವರ್ಷವಾದ ತಾಯಿಗೆ. ಇದನ್ನು ರಾಜದ್ರೋಹ ಅನ್ನಬೇಕೋ, ಶ್ರಾದ್ಧ ಅನ್ನಬೇಕೋ ನನಗೆ ತಿಳಿಯುತ್ತಿಲ್ಲ. ನಿಮಗೆ ತಿಳಿದಿದ್ದರೆ ಹೇಳಿ."

ಮೇಷ್ಟ್ರು ಎಲ್ಲವನ್ನೂ ಹೇಳಿದರು. ಬೀಜ, ಬಾವ-ಬಾಮೈದರು, ಕಾಟಮ್ಮ, ಹುಡುಗ. ಅಮಲ್ದಾರರು ತಲೆಯ ಮೇಲೆ ಕೈ ಇಟ್ಟುಕೊಂಡು ಕೇಳಿದರು.

"ಸೋಮಶೇಖರಪ್ಪನವರೇ, ಆ ಜನರಲ್ಲಿ ದೊಡ್ಡಪ್ಪನ ಮಗನೂ ಒಂದೇ, ಸೋದರತ್ತೆಯ ಮಗನೂ ಒಂದೇ. ಬಾವ, ದಾಯಾದಿ ಅಂತ ಭೇದವೇ ಅವರಿಗಿಲ್ಲ. ಅಲ್ಲದೆ ಈ ಯುದ್ಧ ಮಾಡುತ್ತಿರುವವರು ದೊರೆಗಳೂ ಅಲ್ಲ. ಮಂತ್ರಿಗಳಿದ್ದಾರೆ, ಹಡಗುಗಳಿವೆ, ಕಲ್ಲಿದ್ದಲಿದೆ, ವ್ಯಾಪಾರವಿದೆ."

"ಹಾಗಾದರೆ ಸ್ವಾಮಿ, ಯಾರು ಯಾರಿಗೆ ಏನಾಗಬೇಕು?"

"ಯಾರೂ ಯಾರಿಗೂ ಏನೂ ಆಗಬೇಕಾಗಿಲ್ಲ."

ಅಮಲ್ದಾರರು ಒಳ್ಳೆಯವರು. ಮೇಲಿನವರಿಗೆ ಬರೆಯದೆ, ಕಾಗದವನ್ನು ಬೀರುವಿಗೆ ಹಾಕಿ, ಮೇಷ್ಟ್ರನ್ನು ಮೊಳಕಾಲ್ಮೂರಿಗೆ ವರ್ಗ ಮಾಡಿಸಿ ಕೈತೊಳೆದುಕೊಂಡರು. ಆದರೆ ಅವರ ಕೊನೆಯ ಮಾತು ಮೇಷ್ಟ್ರ ತಲೆಗೆ ಹೊಕ್ಕು ಕೂತುಬಿಟ್ಟಿತು. ಯಾರೂ ಯಾರಿಗೂ ಏನೂ ಆಗಬೇಕಾಗಿಲ್ಲದಿದ್ದರೆ ಜಗಳವಾದರೂ ಯಾಕೆ ಬೇಕು? ಗುರುತಿಲ್ಲದವರ ಮೇಲೆ ಊರಿನಲ್ಲಿ ಯಾರೂ ಕೊಡಲಿ ಎತ್ತಿದ್ದನ್ನು ಅವರು ಕಂಡಿರಲಿಲ್ಲ. ಗಾಡಿಗೆ ಸಾಮಾನು ಹೇರುವಾಗ, ಕಾಟಮ್ಮನಿಗೆ ಹೇಳಿ ಹೋಗಬೇಕು ಅಂತ ಅನ್ನಿಸಿತು. ದೊಡ್ಡಉಳ್ಳಾರ್ತಿ ದಾರಿಯಲ್ಲಿಲ್ಲ ಅಂತ ಸಮಾಧಾನ ಮಾಡಿಕೊಂಡರು. ನಾಚಿಕೆಯಾಯಿತು, ಆದರೂ ಹೋಗಲಿಲ್ಲ.

ಮೊಳಕಾಲ್ಮೂರಿನಲ್ಲಿ ಮನೆ ಸಿಕ್ಕಿದ್ದು ನೇಕಾರರ ಕೇರಿಯಲ್ಲಿ. ಪಕ್ಕದ ಮನೆಯ ಚಿನ್ನಯ್ಯ ರೇಷ್ಮೆ ಸೀರೆ ನೇಯುವವನು, ಅರ್ಧ ತೆಲುಗು ಅರ್ಧ ಕನ್ನಡದ ಮನುಷ್ಯ. ಅವನ ಕೆಂಪು ಬಣ್ಣ ಡಬ್ಬಿಯಲ್ಲಿ ಜರ್ಮನಿಯಿಂದ ಬರುತ್ತಿತ್ತು. ಈಗ ಬರುತ್ತಿರಲಿಲ್ಲ. ಮದುವೆ ಸೀರೆಗಳು ಮಾಸಿದ ಇಟ್ಟಿಗೆಯ ಬಣ್ಣಕ್ಕೆ ತಿರುಗಿದ್ದವು.

"ಏಮಯ್ಯಾ ಮೇಷ್ಟ್ರೇ, ಜರ್ಮನಿಯೋರ್ಗೂ ನಂಗೂ ಏನ್ ಜಗಳ?" ಅಂತ ಅವನು ಕೇಳಿದ. "ನನ್ನ ಮಗ್ಗ ಯಾಕೆ ನಿಲ್ಲಿಸಿದ್ರು?"

"ನನಗೆ ಗೊತ್ತಿಲ್ಲ ಚಿನ್ನಯ್ಯ," ಅಂದರು ಮೇಷ್ಟ್ರು. ಆ ಮಾತನ್ನು ಅವರ ಬಾಯಿಂದ ವೀರಮ್ಮ ಕೇಳಿದ್ದು ಅದೇ ಮೊದಲು. ಅವಳು ಒಲೆಯ ಮುಂದಿನಿಂದ ಎದ್ದು ಬಂದು ಗಂಡನ ಹಣೆ ಮುಟ್ಟಿ ನೋಡಿದಳು.

ಗ್ರಂಥ ಮಾತ್ರ ನಡೆದಿತ್ತು, ನಡೆದಿತ್ತು ಅಂದರೆ ಹೊಡೆದುಹಾಕುವ ಕೆಲಸ ನಡೆದಿತ್ತು. ರಷ್ಯದವರು ತಮ್ಮ ದೊರೆಯನ್ನೇ ಇಳಿಸಿಬಿಟ್ಟರು. ಆತ ನಮ್ಮ ದೊರೆಗೆ ತಾಯಿಯ ತಂಗಿಯ ಮಗ, ಅಂದರೆ ತಮ್ಮನೇ. ತಮ್ಮನಿಗೆ ಆಪತ್ತು ಬಂದಾಗ ಅಣ್ಣ ನೆರವಿಗೆ ಓಡಲಿಲ್ಲ. ಅಮೆರಿಕದವರು ಯುದ್ಧಕ್ಕೆ ಬಂದರು. ಅವರಿಗೆ ದೊರೆಯೇ ಇಲ್ಲ, ಮೇಷ್ಟ್ರು ಬೀಜ ಎಲ್ಲಿಡಬೇಕು? ಒಂದು ಪುಟದಲ್ಲಿ ಮೂರು ಸಾಲು ಬರೆದು ನಾಲ್ಕು ಸಾಲು ಹೊಡೆದುಹಾಕುತ್ತಿದ್ದರು. ಕೊನೆಕೊನೆಗೆ ಲೇಖನಿ ಹಿಡಿದರೆ ಮರಳಿನಲ್ಲಿ ಕುದುರೆಗೆ ನೀರು ಕುಡಿಸುತ್ತಿರುವ ಹುಡುಗನೊಬ್ಬನೇ ಕಣ್ಣ ಮುಂದೆ ಬರುತ್ತಿದ್ದ.

ಯುದ್ಧ ಮುಗಿಯಿತು ಅಂತ ಸುದ್ದಿ ಬಂದಾಗ ಊರೆಲ್ಲ ಇನ್‌ಫ್ಲುಯೆಂಜಾದಲ್ಲಿ ಮಲಗಿತ್ತು. ಯಾರು ಗೆದ್ದರು ಅಂತ ಕೇಳುವ ತ್ರಾಣ ಯಾರಿಗೂ ಇರಲಿಲ್ಲ. ಮುಂದಿನ ಬೇಸಿಗೆಯಲ್ಲಿ, ಒಂದು ಮಧ್ಯಾಹ್ನ, ಕಾಟಮ್ಮ ಮೇಷ್ಟ್ರ ಬಾಗಿಲಿಗೆ ಬಂದಳು. ಒಂದಷ್ಟು ದೂರ ಗಾಡಿಯಲ್ಲಿ, ಉಳಿದಷ್ಟು ನಡೆದು ಬಂದಿದ್ದಳು. ತುಟಿ ಒಡೆದಿತ್ತು. ವೀರಮ್ಮ ಗುರುತು ಹಿಡಿದು ಚಾಪೆ ಹಾಸಿ, ಚೊಂಬಿನಲ್ಲಿ ತಣ್ಣನೆಯ ನೀರು ತಂದು ಮುಂದಿಟ್ಟಳು. ಕಾಟಮ್ಮ ಅದನ್ನು ಮುಟ್ಟಲಿಲ್ಲ. ಮಡಿಲಿನಿಂದ ಒಂದು ಕಾಗದ ತೆಗೆದಳು. ಅಮಲ್ದಾರರ ಕಚೇರಿಯಲ್ಲಿ ಕೊಟ್ಟದ್ದು.

"ಓದೋದು ಬ್ಯಾಡ್ರಿ, ಓದ್ಸಿದೀನಿ," ಅಂದಳು. "ಜಗಳ ಮುಗಿಯಾಕೆ ಒಂದು ತಿಂಗಳಿತ್ತಂತೆ. ಗುಂಡೂ ಅಲ್ಲಂತೆ, ಕತ್ತಿನೂ ಅಲ್ಲಂತೆ. ಜ್ವರ ಅಂತೆ."

ಮೇಷ್ಟ್ರು ಕಂಬ ಹಿಡಿದುಕೊಂಡು ಕೂತರು. ಕಾಟಮ್ಮ ಅಳಲಿಲ್ಲ. ಅತ್ತು ಮುಗಿಸಿ ಬಂದವಳ ಹಾಗೆ ಕಾಣುತ್ತಿದ್ದಳು.

"ನಾನು ಒಂದು ಮಾತು ಕೇಳಾಕೆ ಬಂದೆ, ಮೇಷ್ಟ್ರೇ. ಇವರಪ್ಪ ಸತ್ತಾಗ ಅವನ್ನ ಕಡಿದೋರ ಮನೆ ನೀರು ಬಿಟ್ಟೆ. ಹದಿನೇಳು ವರ್ಷ ಆತು, ಆ ಮನೆ ನೀರು ಮುಟ್ಟಿಲ್ಲ, ಆ ಮನೆ ಬೆಂಕಿ ತಂದಿಲ್ಲ. ಸತ್ತೋರು ಬರಲ್ಲ ನಿಜ, ಆದ್ರೂ ಎದೆ ಒಂದೀಟು ತಣ್ಣಗಾಗ್ತದೆ. ಈಗ ಮಗ ಹೋದ. ಯಾರ ಮನೆ ನೀರು ಬಿಡ್ಲಿ ನಾನು? ಲಂಡನ್ನೋರ್ದಾ, ಜರ್ಮನಿಯೋರ್ದಾ, ಗೌಸ್ ಪೀರಣ್ಣನ ಸುಲ್ತಾನರ್ದಾ? ದಂಡಿನೋರ್ನ ಕೇಳಿದ್ರೆ ನಗ್ತಾರೆ. ನೀವು ತಿಳಿದೋರು. ಹೇಳ್ರಿ, ಹಂಗೇ ನಡ್ಕೋತೀನಿ."

ಮೇಷ್ಟ್ರ ತಲೆಯಲ್ಲಿ ಐದು ವರ್ಷದ ಪತ್ರಿಕೆಗಳು, ಹೊಡೆದುಹಾಕಿದ ಸಾಲುಗಳು, ಅಮಲ್ದಾರರ ಕಲ್ಲಿದ್ದಲು ಎಲ್ಲ ಒಟ್ಟಿಗೆ ಎದ್ದವು. ಒಂದಕ್ಕೊಂದು ಹೊಂದಲಿಲ್ಲ. ಜ್ವರಕ್ಕೆ ಯಾವ ಮನೆ? ಕಲ್ಲಿದ್ದಲಿಗೆ ಯಾವ ಬಾವಿ? ಯಾರೂ ಯಾರಿಗೂ ಏನೂ ಆಗಬೇಕಾಗಿಲ್ಲ ಅಂತ ಹೇಳಿಬಿಡಬಹುದಿತ್ತು. ಎದುರಿಗೆ ಕೂತವಳ ಮುಖ ನೋಡಿ ಅದು ಬಾಯಿಗೆ ಬರಲಿಲ್ಲ.

"ಕಾಟಮ್ಮ, ಆ ಸೋದರತ್ತೆ ಸತ್ತಿದ್ದಳು," ಅಂದರು. "ನಿನ್ನ ಮಗನ್ನ ಕಳಿಸೋ ಹೊತ್ತಿಗೇ ಸತ್ತು ಹದಿಮೂರು ವರ್ಷ ಆಗಿತ್ತು. ನಾನು ವಿಚಾರಿಸಲಿಲ್ಲ. ನೀನು ಕೇಳಿದ್ದಕ್ಕೆ ಹಿಗ್ಗಿ ಬಾಯಿಗೆ ಬಂದದ್ದು ಹೇಳಿದೆ. ಆಮೇಲೆ ಕಾಗದ ಹಾಕೋ ದಿನ ಗೊತ್ತಾಯ್ತು. ಗೊತ್ತಾದ ಮೇಲೂ ನಿನ್ನ ಜೊತೆ ಬಂದು ಕಾಗದ ಹಾಕಿದೆ."

ಕಾಟಮ್ಮ ಅವರನ್ನೇ ನೋಡುತ್ತಿದ್ದಳು.

"ಬೇರೆ ಯಾರದ್ದು ತಪ್ಪು ಅಂತ ನನಗೆ ಇವತ್ತಿಗೂ ಗೊತ್ತಿಲ್ಲ. ಒಂದು ಮನೆ ಮಾತ್ರ ಗೊತ್ತು. ನಮ್ಮ ಮನೆ ನೀರು ಬಿಡು."

ಬಾಗಿಲಲ್ಲಿ ನಿಂತಿದ್ದ ವೀರಮ್ಮ, "ಅಯ್ಯೋ, ಏನ್ ಮಾತು ಆಡ್ತೀರಿ," ಅಂತ ಅಡ್ಡ ಬಂದಳು. ಕಾಟಮ್ಮ ಕೇಳಿಸಿಕೊಂಡ ಹಾಗೆ ಕಾಣಲಿಲ್ಲ. ಆಮೇಲೆ ಕಾಗದವನ್ನು ಮಡಿಲಿಗೆ ಸೇರಿಸಿ, ಮೊಣಕಾಲಿನ ಮೇಲೆ ಕೈಯೂರಿ ಎದ್ದಳು. ಚೊಂಬನ್ನು ಕಾಲಿಗೆ ತಾಗದ ಹಾಗೆ ಎಚ್ಚರದಿಂದ ದಾಟಿದಳು.

"ಬರ್ತೀನಿ ಮೇಷ್ಟ್ರೇ," ಅಂದಳು. ದನಿಯಲ್ಲಿ ಸಿಟ್ಟಿರಲಿಲ್ಲ.

ಬೀದಿಗಿಳಿದು ಪಕ್ಕದ ಚಿನ್ನಯ್ಯನ ಬಾಗಿಲಿಗೆ ಹೋಗಿ ನೀರು ಕೇಳಿದಳು. ಚಿನ್ನಯ್ಯನ ಹೆಂಡತಿ ಕೊಡದಿಂದ ಬಗ್ಗಿಸುತ್ತಿದ್ದಳು, ಕಾಟಮ್ಮ ಬೊಗಸೆಯೊಡ್ಡಿ ಎಷ್ಟೋ ಹೊತ್ತು ಕುಡಿದಳು. ಮೇಷ್ಟ್ರು ಕಂಬದ ಪಕ್ಕದಲ್ಲಿ ಕೂತು ಅದನ್ನು ಪೂರ್ತಿ ನೋಡಿದರು.